ಮರುಬಳಕೆಯ ಲೆಕ್ಕ

ಹಾರಿದ ನೌಕೆಯನ್ನೇ ಮತ್ತೆ ಹಾರಿಸಿದರೆ ವೆಚ್ಚ ತಾನಾಗಿ ತಗ್ಗುವುದೆಂದು ಸಾರುವವರುಂಟು. ಇದು ಅರ್ಧ ಸತ್ಯ. ಅಮೆರಿಕದ ಷಟಲ್ ನೌಕೆಗಳು ವರ್ಷಕ್ಕೆ ಹತ್ತಾರು ಸಲ ಹಾರುವುವೆಂದು ನಂಬಿದ್ದರು. 1981ರಿಂದ 2011ರವರೆಗೆ ಹಾರಿದ್ದು 135 ಸಲ ಮಾತ್ರ. ಯಾನ ಮುಗಿದೊಡನೆ ಎಂಜಿನುಗಳನ್ನು ಕಳಚಬೇಕು, ಸಾವಿರಾರು ಶಾಖರಕ್ಷಕ ಹೆಂಚುಗಳನ್ನು ಪರೀಕ್ಷಿಸಬೇಕು. ಹಾರಲಿ ಬಿಡಲಿ, ಸಿಬ್ಬಂದಿಯ ಸಂಬಳ ನಿಲ್ಲದು. ಹೊಸೂರಿನ ಲಾರಿ ಕೃಷ್ಣಗಿರಿಗೆ ಹೋಗಿಬಂದಾಗಲೆಲ್ಲ ಎಂಜಿನು ಬಿಚ್ಚಬೇಕಾದರೆ ಯಾವ ಮಾಲೀಕನು ಉಳಿದಾನು? 1986 ಮತ್ತು 2003ರಲ್ಲಿ ಹದಿನಾಲ್ವರು ತೆತ್ತ ಪ್ರಾಣವನ್ನು ಯಾವ ಖಾತೆಗೆ ಬರೆಯೋಣ?

ಚಿತ್ರದುರ್ಗ ಜಿಲ್ಲೆಯಲ್ಲಿ 2024ರ ಮಾರ್ಚಿಯಲ್ಲಿ ಇಳಿದ 'ಪುಷ್ಪಕ'ದ ಒಡಲೇ ಜೂನಿನಲ್ಲಿ ಮತ್ತೆ ಇಳಿದುದು ಹೆಮ್ಮೆಯೇ ಸರಿ. ಆದರೆ ಅದನ್ನು ಬಿಟ್ಟದ್ದು ಹೆಲಿಕಾಪ್ಟರಿನಿಂದ; ಕಕ್ಷೆಯಿಂದ ಮರಳುವ ಬೆಂಕಿಯನ್ನು ಅದು ಕಂಡಿಲ್ಲ, ಮನುಷ್ಯರನ್ನೂ ಹೊತ್ತಿಲ್ಲ. "ಮರಳಿತೆ?" ಎಂದಷ್ಟೇ ಕೇಳಿದರೆ ಸಾಲದು, ಮತ್ತೆ ಹಾರಿಸಲು ಎಷ್ಟು ಕೈ, ಎಷ್ಟು ದಿನ, ಎಷ್ಟು ಹಣವೆಂದು ನಮ್ಮ ವಿದ್ಯಾರ್ಥಿಗಳು ಕೇಳುವಂತಾಗಲಿ.