ಮೇಲೆ ಹಾರುವ ಡ್ರೋನ್, ಕೆಳಗೆ ಕೊಳೆಯುವ ಕಂಬ



ಸದಾಶಿವ ಪೇಠದ ಹಳೆಯ ವಾಡೆಯೊಂದರ ಮೇಲೆ ಡ್ರೋನ್ ಹಾರಿತೆಂದರೆ ನಮ್ಮವರಲ್ಲಿ ಎರಡು ಪಂಗಡಗಳಾಗುತ್ತವೆ. ‘ಯಂತ್ರ ನೋಡಿ ಹೋಯಿತು, ಇನ್ನು ಭಯವಿಲ್ಲ’ ಎಂದು ಒಂದು ಪಂಗಡ ಮಗ್ಗುಲು ಬದಲಿಸಿ ಮಲಗುತ್ತದೆ. ‘ಮಾಲಿಕನ ಗೂಢಚಾರ ಬಂತು, ಕಲ್ಲು ಹೊಡೆಯಿರಿ’ ಎಂದು ಇನ್ನೊಂದು ಕೂಗುತ್ತದೆ. ಎರಡೂ ತಪ್ಪು.

ಯಂತ್ರದ ಮೇಲೆ ನಮಗೇಕೆ ಹಗೆ? ಮಳೆಗಾಲದ ಮುಂಚೆ ಹಂಚು ನೋಡಲು ಏಣಿ ಹತ್ತಿ, ಪಾಚಿಯ ಮೇಲೆ ಕಾಲು ಜಾರಿ ಬೀಳುವವನು ಮಾಲಿಕನಲ್ಲ, ಕೂಲಿಯವನು. ಆ ಕೆಲಸವನ್ನು ಡ್ರೋನ್ ಮಾಡಿದರೆ ಒಂದು ಜೀವ ಉಳಿಯಿತು. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರದ ಡ್ರೋನಿಗೆ ಪೈಲಟ್ ಪ್ರಮಾಣಪತ್ರವೂ ಬೇಡ. ವಾಯುವಲಯದ ನಿರ್ಬಂಧವನ್ನು ಮಾತ್ರ ತಪ್ಪದೆ ನೋಡಿಕೊಳ್ಳಬೇಕು. ಇಂಥದನ್ನು ಬಾಡಿಗೆದಾರರೇ ಕೂಡಿ ತರಿಸಬಾರದೇಕೆ?

ಆದರೆ ಡ್ರೋನ್ ಕಾಣುವುದು ಹೊರಮೈಯನ್ನು ಮಾತ್ರ. ವಾಡೆ ನಿಂತಿರುವುದು ಸಾಗವಾನಿ ಕಂಬ ತೊಲೆಗಳ ಮೇಲೆ. ಗೋಡೆಯೊಳಗೆ ಹುದುಗಿದ ತೊಲೆಯ ತುದಿ, ಮೋರಿಯ ನೀರು ಕುಡಿದು ಮೆತ್ತಗಾದ ಕಂಬದ ಬುಡ, ಒಳಗೇ ತಿನ್ನುವ ಗೆದ್ದಲು ಇವನ್ನು ಆಕಾಶದಿಂದ ನೋಡಲಾದೀತೇ? ಅದಕ್ಕೆ ಇಂಜಿನಿಯರ್ ಒಳಗೆ ಬಂದು, ಕಂಬವನ್ನು ತಟ್ಟಿ ಸದ್ದು ಕೇಳಿ, ಮೊಳೆ ಚುಚ್ಚಿ ನೋಡಬೇಕು. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದಾಗ ಮುಠಾ ದಂಡೆಯ ವಾಡೆಗಳ ಮಣ್ಣಿನ ಗೋಡೆಗಳು ಬುಡದಿಂದ ಕರಗಿ ಕುಸಿದವು. ಆ ಪಾಠವನ್ನು ಪುಣೆ ಮರೆಯಬಾರದು.

ನನ್ನ ಅನುಭವ ಹೇಳುತ್ತೇನೆ. ನಾವು ಐದು ಜನ ಮಲಗುತ್ತಿದ್ದ ವಾಡೆಯ ಮೇಲೆ ಮಾಲಿಕ ಡ್ರೋನ್ ಹಾರಿಸಿದ. ಒಡೆದ ಹಂಚಿನ ಚಿತ್ರ ತೋರಿಸಿ, ‘ಕಟ್ಟಡ ಹೋಯಿತು, ತಿಂಗಳೊಳಗೆ ಖಾಲಿ ಮಾಡಿ’ ಎಂದ. ಪ್ರತಿ ಕೇಳಿದೆವು, ಕೊಡಲಿಲ್ಲ. ಚಂದಾ ಕೂಡಿಸಿ ಇಂಜಿನಿಯರರನ್ನು ಕರೆಸಿದೆವು. ಮಾಡಿನ ದೋಷ ಒಂದು ದಿನದ ರಿಪೇರಿಯದು. ನಿಜವಾದ ಅಪಾಯ ಮೋರಿಯ ಬಳಿಯ ಕಂಬದಲ್ಲಿತ್ತು. ಅದು ಯಾವ ಚಿತ್ರದಲ್ಲೂ ಇರಲಿಲ್ಲ. ನಾವು ಅದರ ಪಕ್ಕದಲ್ಲೇ ಮಲಗುತ್ತಿದ್ದೆವು!

ಈಗ ಊರಿನ ಕಡೆ ನೋಡಿ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳ ಮೇಲೆ ಡ್ರೋನ್ ಹಾರಿಸಿ ಅಳತೆ ಮಾಡಿ ಮನೆಯವರಿಗೆ ಆಸ್ತಿಪತ್ರ ಕೊಡುತ್ತಾರೆ. ಅಲ್ಲಿ ಡ್ರೋನ್ ಹಕ್ಕು ಕೊಡುತ್ತದೆ. ಇಲ್ಲಿ ಅದೇ ಡ್ರೋನ್ ಹಕ್ಕು ಕಸಿಯಬೇಕೇ? ವ್ಯತ್ಯಾಸ ಯಂತ್ರದಲ್ಲಿಲ್ಲ, ಕಾಗದ ಯಾರ ಕೈ ಸೇರುತ್ತದೆ ಎಂಬುದರಲ್ಲಿದೆ.

ಕಾನೂನು ನಮ್ಮನ್ನು ಪೂರ್ತಿ ಕೈಬಿಟ್ಟಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾನೂನಿನ 14ನೆಯ ಕಲಮಿನ ಪ್ರಕಾರ ರಿಪೇರಿ ಮಾಲಿಕನ ಹೊಣೆ. ಹದಿನೈದು ದಿನದ ನೋಟೀಸಿಗೂ ಆತ ಮಣಿಯದಿದ್ದರೆ ಬಾಡಿಗೆದಾರನೇ ರಿಪೇರಿ ಮಾಡಿಸಿ, ಮಿತಿಯೊಳಗೆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ ಹೋಟೆಲಿನ ಅಟ್ಟದ ಮೇಲೆ ಚಾಪೆ ಹಾಸುವ ನಮ್ಮ ಸಪ್ಲೈಯರ್, ಕ್ಲೀನರ್ ಹುಡುಗರ ಕೈಯಲ್ಲಿ ಬಾಡಿಗೆಯ ರಸೀತಿಯೇ ಇಲ್ಲ. ವಾಡೆ ಬಿದ್ದರೆ ಮೊದಲು ಸಾಯುವವರು ಅವರು; ವಾಡೆ ಒಡೆದರೆ ಲೆಕ್ಕಕ್ಕೇ ಬಾರದವರೂ ಅವರೇ.

ಮಹಾನಗರಪಾಲಿಕೆ ನಿಜವಾಗಿ ಅಪಾಯವೆಂದು ಸಿ-1 ದರ್ಜೆಯ ನೋಟೀಸು ಕೊಟ್ಟರೆ ಹೊರಬೀಳಿ. ಜೀವಕ್ಕಿಂತ ಕೋಣೆ ದೊಡ್ಡದಲ್ಲ. ಜನ ಹೊರಬೀಳದೆ ಹಟ ಹಿಡಿಯುವುದು ಮೂರ್ಖತನದಿಂದಲ್ಲ, ಮತ್ತೆ ಒಳಗೆ ಬಿಡಲಾರರೆಂಬ ಭಯದಿಂದ. ಆ ಭಯವನ್ನು ತೆಗೆಯುವುದು ಅಧಿಕಾರಿಗಳ ಕರ್ತವ್ಯ. ಆದುದರಿಂದ ನಮ್ಮ ಬೇಡಿಕೆಗಳು ಇವು:

1. ಡ್ರೋನ್ ಚಿತ್ರಗಳ ಮತ್ತು ವರದಿಯ ಪ್ರತಿ ಪ್ರತಿಯೊಂದು ಕೋಣೆಗೂ ಸಿಗಬೇಕು.

2. ಇಂಜಿನಿಯರ್ ಒಳಗೆ ಬಂದು ಮುಟ್ಟಿ ನೋಡದೆ, ಬರಿಯ ಚಿತ್ರದ ಮೇಲೆ ಯಾರನ್ನೂ ಹೊರಗೆ ಹಾಕಕೂಡದು.

3. ಖಾಲಿ ಮಾಡಿಸುವ ಮೊದಲು ವಾಸಿಸುವ ಎಲ್ಲರ ಪಟ್ಟಿ, ಕೋಣೆಗಳ ಅಳತೆ ಆಗಬೇಕು. ರಸೀತಿ ಇಲ್ಲದ ಹೋಟೆಲ್ ಹುಡುಗರ ಹೆಸರೂ ಅದರಲ್ಲಿರಬೇಕು. ಅವರಿಗೆ ಬೇರೆ ವಸತಿಯನ್ನು ಹೋಟೆಲ್ ಮಾಲಿಕ ಒದಗಿಸಬೇಕು.

4. ಹಾರಿಸುವ ಹಿಂದಿನ ದಿನ ತಿಳಿಸಬೇಕು. ಹೆಂಗಸರ ಬಚ್ಚಲ ಕಡೆ ಕ್ಯಾಮೆರಾ ತಿರುಗಕೂಡದು.

ಬಂಧುಗಳೇ, ಡ್ರೋನ್ ಬರಲಿ ಎಂದು ಕಾಯಬೇಡಿ. ಇಂದು ಕೆಲಸದಿಂದ ಮರಳಿದೊಡನೆ ನಿಮ್ಮ ಕೋಣೆಯ ಕಂಬದ ಬುಡ ಮುಟ್ಟಿ ನೋಡಿ. ಮೆತ್ತಗಿದ್ದರೆ ನಾಳೆಯೇ ಬರವಣಿಗೆಯಲ್ಲಿ ನೋಟೀಸು ಕೊಡಿ, ಒಬ್ಬರೇ ಅಲ್ಲ, ವಾಡೆಯವರೆಲ್ಲ ಕೂಡಿ.