ಹಾಡಿಗೆ ಚಪ್ಪಾಳೆಯಾಯಿತು, ಸಂಭಾವನೆ ಎಲ್ಲಿ?

ಮೆಹದಿಪಟ್ಟಣಂ, ಗುಡಿಮಲ್ಕಾಪುರ, ಟೋಲಿಚೌಕಿ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಈಗ ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಹುಡುಕಿದರೂ ಸಿಗುವುದು ಕಷ್ಟ. ಬೆಳಗಿನ ದಾಸರ ಪದದಿಂದ ಹಿಡಿದು ರಾತ್ರಿಯ ಭಾವಗೀತೆಯವರೆಗೆ ಎಲ್ಲವೂ ಮೊಬೈಲಿನಲ್ಲೇ ಕೇಳಿಬರುತ್ತದೆ. ಕಲಬುರಗಿ, ಬೀದರ್, ರಾಯಚೂರು ಕಡೆಯಿಂದ ಉದ್ಯೋಗಕ್ಕೆಂದು ಬಂದು ಇಲ್ಲೇ ಬೇರೂರಿದವರಿಗೆ ಇದು ದೊಡ್ಡ ಅನುಕೂಲ ಎಂಬುದರಲ್ಲಿ ಎರಡು ಮಾತಿಲ್ಲ. ಊರಿಗೆ ಹೋದಾಗ ಮಾತ್ರ ಕಿವಿಗೆ ಬೀಳುತ್ತಿದ್ದ ತತ್ವಪದಗಳು ಸಿಟಿ ಬಸ್ಸಿನಲ್ಲಿ ಕೂತವರಿಗೂ ಸಿಗುತ್ತಿವೆ. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೂ ಹಾಡು ಬಾಯಿಗೆ ಬರುತ್ತಿದೆ.

ಆದರೆ ಹೀಗೆ ಕೇಳಿದ ಹಾಡಿಗೆ ಅದನ್ನು ಬರೆದವರು, ರಾಗ ಹಾಕಿದವರು, ಹಾಡಿದವರಿಗೆ ಏನು ಸೇರಿತು ಎಂಬ ಪ್ರಶ್ನೆ ಸಂಘದ ಸಭೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಭಾಷೆ ಉಳಿಸುವ ಭಾಷಣಗಳಿಗೆ ಕೊರತೆಯಿಲ್ಲ. ಆ ಭಾಷೆಯನ್ನು ಮನೆಮನೆಗೆ ಮುಟ್ಟಿಸಿದ ಕಲಾವಿದರ ಹೊಟ್ಟೆಪಾಡಿನ ಮಾತು ಮಾತ್ರ ಯಾವಾಗಲೂ ಹಿಂದೆ ಬೀಳುತ್ತದೆ. ಯಾವ ಆ್ಯಪ್‌ನಲ್ಲಿ ಹಾಡು ಕೇಳಬೇಕು ಎಂಬುದು ಮೇಲುನೋಟಕ್ಕೆ ಅವರವರ ಇಷ್ಟದ ವಿಷಯ. ಆದರೆ ಕನ್ನಡದ ಹೆಸರಿನಲ್ಲಿ ಒಟ್ಟುಗೂಡಿದವರು ಅದನ್ನು ಅಷ್ಟಕ್ಕೇ ಬಿಡುವುದು ಸರಿಯಲ್ಲ.

ಕ್ಯಾಸೆಟ್ಟಿನ ಕಾಲ, ಆ್ಯಪ್‌ನ ಕಾಲ

ಮೈಸೂರು ಅನಂತಸ್ವಾಮಿ ಅವರ ಸಂಗೀತದಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಹೊರಬಂದ ಮೇಲೆ ಭಾವಗೀತೆ ಕನ್ನಡಿಗರ ಮನೆಯ ವಸ್ತುವಾಯಿತು. ಆಗ ಕೇಳುಗರು ಅಂಗಡಿಗೆ ಹೋಗಿ ಹಣ ಕೊಟ್ಟು ಕ್ಯಾಸೆಟ್ ಕೊಳ್ಳುತ್ತಿದ್ದರು. ಎಲ್ಲರೂ ಕೊಳ್ಳುತ್ತಿದ್ದರು ಎಂದಲ್ಲ. ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡುಗಳನ್ನು ತುಂಬಿಸಿಕೊಡುವ ಅಂಗಡಿಗಳೂ ಊರೂರಿನಲ್ಲಿದ್ದವು. ಹಾಗೆ ತುಂಬಿಸಿಕೊಂಡ ಹಾಡಿನಿಂದ ಕಲಾವಿದರಿಗೆ ಬಿಡಿಗಾಸೂ ಬರುತ್ತಿರಲಿಲ್ಲ. ಇಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಳುಹಿಸುವ ಎಂಪಿ3 ಹಾಡುಗಳು ಅದೇ ಅಂಗಡಿಯ ಹೊಸ ಅವತಾರ. ‘ಎಲ್ಲರಿಗೂ ಕಳುಹಿಸಿ’ ಎಂಬ ಪ್ರೀತಿಯ ಮಾತಿನೊಂದಿಗೆ ಬರುವ ಆ ಹಾಡಿನಿಂದ ಕಲಾವಿದರಿಗೆ ಸಿಗುವುದು ಸೊನ್ನೆ.

ಈಗ ಹೆಚ್ಚಿನವರು ಬಳಸುವುದು ಹಾಡನ್ನು ಇಂಟರ್‌ನೆಟ್ ಮೂಲಕ ಕೇಳಿಸುವ ಸೇವೆಗಳನ್ನು. ಆಪಲ್ ಮ್ಯೂಸಿಕ್ 2015ರಲ್ಲಿ ಭಾರತಕ್ಕೆ ಬಂದಿತು. ಸ್ಪಾಟಿಫೈ ಮತ್ತು ಯೂಟ್ಯೂಬ್ ಮ್ಯೂಸಿಕ್ ಎರಡೂ 2019ರಲ್ಲಿ ಕಾಲಿಟ್ಟವು. ಗಾನಾ, ಜಿಯೋಸಾವನ್ ದೇಶದೊಳಗೇ ಬೆಳೆದವು. ಇಲ್ಲಿ ಕೇಳುಗ ಹಾಡನ್ನು ಕೊಳ್ಳುವುದಿಲ್ಲ, ಬಾಡಿಗೆಗೆ ಪಡೆಯುತ್ತಾನೆ. ರೆಸೊ 2024ರ ಜನವರಿಯಲ್ಲಿ ಬಾಗಿಲು ಹಾಕಿತು. ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ ಕೂಡ ಅದೇ ವರ್ಷ ನಿಂತಿತು. ವರ್ಷಗಟ್ಟಲೆ ಆರಿಸಿ ಜೋಡಿಸಿಟ್ಟ ಪಟ್ಟಿಗಳು ಸೇವೆಯ ಜೊತೆಗೇ ಹೋದವು. ಅಟ್ಟದ ಮೇಲಿನ ಹಳೆಯ ಕ್ಯಾಸೆಟ್ಟಿಗಾದರೆ ಆ ಭಯವಿರಲಿಲ್ಲ.

ಹಂಚಿಕೆಯ ಲೆಕ್ಕ

ಈ ಸೇವೆಗಳು ಹಣವನ್ನು ಹೇಗೆ ಹಂಚುತ್ತವೆ ಎಂಬುದನ್ನು ತಿಳಿಯುವುದು ಅಗತ್ಯ. ಕೇಳುಗರ ಚಂದಾ ಮತ್ತು ಜಾಹೀರಾತಿನಿಂದ ಬಂದ ಹಣವೆಲ್ಲ ಒಂದು ಹುಂಡಿಗೆ ಬೀಳುತ್ತದೆ. ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿದದ್ದನ್ನು ಯಾವ ಹಾಡು ಎಷ್ಟು ಸಲ ಕೇಳಲ್ಪಟ್ಟಿತು ಎಂಬ ಲೆಕ್ಕದಲ್ಲಿ ಕಂಪನಿ ಹಂಚುತ್ತದೆ. ಹೀಗೆ ಬರುವ ಹಣದಲ್ಲಿ ಸುಮಾರು ಮೂರನೇ ಎರಡು ಭಾಗವನ್ನು ಹಕ್ಕುದಾರರಿಗೆ ಕೊಡುವುದಾಗಿ ಸ್ಪಾಟಿಫೈ ಹೇಳುತ್ತದೆ.

ಕೇಳಲು ಇದು ನ್ಯಾಯವಾಗಿಯೇ ಇದೆ. ಆದರೆ ಒಂದು ಉದಾಹರಣೆ ನೋಡಿ. ನಿವೃತ್ತ ನೌಕರರೊಬ್ಬರು ತಿಂಗಳಿಗೆ 100 ರೂಪಾಯಿ ಕೊಟ್ಟು 100 ಭಾವಗೀತೆ ಕೇಳುತ್ತಾರೆ ಎನ್ನೋಣ. ಪಕ್ಕದ ಮನೆಯ ಯುವಕ ಅಷ್ಟೇ ಹಣ ಕೊಟ್ಟು 900 ಹಿಂದಿ ಚಿತ್ರಗೀತೆ ಕೇಳುತ್ತಾನೆ. ಕಂಪನಿಯ ಪಾಲು ಕಳೆದು ಇಬ್ಬರದೂ ತಲಾ 66 ರೂಪಾಯಿ, ಒಟ್ಟು 132 ರೂಪಾಯಿ ಹುಂಡಿಯಲ್ಲಿ ಉಳಿಯುತ್ತದೆ. ಕೇಳಿದ ಲೆಕ್ಕದಲ್ಲಿ ಹಂಚಿದರೆ ಭಾವಗೀತೆಗೆ ಸೇರುವುದು 13 ರೂಪಾಯಿ 20 ಪೈಸೆ. ಉಳಿದ 118 ರೂಪಾಯಿ 80 ಪೈಸೆ ಹಿಂದಿ ಚಿತ್ರಗೀತೆಯ ಪಾಲು. ಹಿರಿಯರು ಭಾವಗೀತೆಗೆಂದೇ ಕೊಟ್ಟ ಹಣದಲ್ಲಿ ಹೆಚ್ಚಿನ ಭಾಗ ಅವರು ಒಮ್ಮೆಯೂ ಕೇಳದ ಹಾಡಿಗೆ ಹೋಯಿತು.

ಇದಕ್ಕೆ ಪರ್ಯಾಯವೂ ಇದೆ. ಒಬ್ಬ ಕೇಳುಗ ಕೊಟ್ಟ ಹಣವನ್ನು ಆತ ಕೇಳಿದ ಕಲಾವಿದರಿಗೇ ಹಂಚುವುದು. ಸೌಂಡ್‌ಕ್ಲೌಡ್ 2021ರಲ್ಲಿ ಸ್ವತಂತ್ರ ಕಲಾವಿದರಿಗೆ ಈ ಕ್ರಮವನ್ನು ಜಾರಿಗೆ ತಂದಿತು. ಈ ಲೆಕ್ಕದಲ್ಲಿ ಮೇಲಿನ ಉದಾಹರಣೆಯ ಭಾವಗೀತೆಗೆ ಪೂರ್ತಿ 66 ರೂಪಾಯಿ ಸೇರುತ್ತಿತ್ತು. ಸಣ್ಣ ಕೇಳುಗ ಬಳಗವಿರುವ ಕನ್ನಡದಂತಹ ಭಾಷೆಯ ಹಾಡಿಗೆ ಯಾವುದು ಹಿತವೆಂದು ಬೇರೆ ಹೇಳಬೇಕಿಲ್ಲ.

ಇನ್ನೊಂದು ವಿಷಯವೂ ಗಮನಾರ್ಹ. ಹಿಂದಿನ 12 ತಿಂಗಳಲ್ಲಿ 1000 ಸಲವಾದರೂ ಕೇಳಲ್ಪಡದ ಹಾಡಿನ ಧ್ವನಿಮುದ್ರಣಕ್ಕೆ ಹಣ ಕೊಡದಿರುವ ನಿಯಮವನ್ನು ಸ್ಪಾಟಿಫೈ 2024ರಿಂದ ಜಾರಿಗೆ ತಂದಿದೆ. ದೊಡ್ಡ ಚಿತ್ರಗೀತೆಗಳಿಗೆ ಇದರಿಂದ ತೊಂದರೆಯಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡಿ ಧ್ವನಿಮುದ್ರಿಸುವ ಹಳ್ಳಿಯ ಭಜನಾ ಮಂಡಳಿಗೆ 1000 ಎಂಬುದು ಸಣ್ಣ ಸಂಖ್ಯೆಯಲ್ಲ. ಆದರೆ ಒಂದು ಸಂಘಕ್ಕೆ ಅದು ಅಸಾಧ್ಯವಾದ ಸಂಖ್ಯೆಯೂ ಅಲ್ಲ. ನೂರು ಸದಸ್ಯರು ವರ್ಷಕ್ಕೆ ಹತ್ತು ಸಲ ಕೇಳಿದರೆ ಸಾವಿರವಾಯಿತು.

ಒಂದು ಹಾಡು, ಹಲವು ಹಕ್ಕುದಾರರು

‘ಹಣ ಕೊಟ್ಟರೂ ಅದು ಆಡಿಯೋ ಕಂಪನಿಗೆ ಹೋಗುತ್ತದೆ, ಗಾಯಕರಿಗೆ ಬರುವುದಿಲ್ಲ, ಹಾಗಿದ್ದ ಮೇಲೆ ಕೊಟ್ಟೇನು ಪ್ರಯೋಜನ?’ ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಸತ್ಯವಿದೆ. ಕ್ಯಾಸೆಟ್ಟಿನ ಕಾಲದಲ್ಲಿ ಒಂದೇ ಸಲ ಸಂಭಾವನೆ ಪಡೆದು ಹಾಡಿ ಹೋದ ಗಾಯಕರು ಅನೇಕರು. ಆದರೆ ಅದು ಪೂರ್ತಿ ಸತ್ಯವಲ್ಲ.

ಹಾಡೊಂದರಲ್ಲಿ ಸಾಹಿತ್ಯ, ರಾಗ ಸಂಯೋಜನೆ, ಧ್ವನಿಮುದ್ರಣ ಎಂಬ ಬೇರೆ ಬೇರೆ ಹಕ್ಕುಗಳಿವೆ. ಭಾರತದ ಕಾಯ್ದೆಯಂತೆ ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಮರಣದ ನಂತರ 60 ವರ್ಷ ಇರುತ್ತದೆ. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡವರು. ಅವರ ಪದಗಳು ಇಂದು ಎಲ್ಲರ ಸೊತ್ತು. ಅದೇ ಪದಗಳಿಗೆ ಸಿ. ಅಶ್ವಥ್ ಹಾಕಿದ ರಾಗ ಹಾಗಲ್ಲ. ಅಶ್ವಥ್ 2009ರಲ್ಲಿ ನಿಧನರಾದರು, ಅವರ ಸಂಯೋಜನೆಯ ಹಕ್ಕು 2069ರವರೆಗೆ ಇರುತ್ತದೆ. 1994ರಲ್ಲಿ ಅಗಲಿದ ಕುವೆಂಪು ಅವರ ಕವಿತೆಗಳ ಹಕ್ಕು 2054ರವರೆಗೆ ಇದೆ. ಕವಿ ಹೋದರೂ ಅವರ ಕುಟುಂಬದ ಹಕ್ಕು ಉಳಿದಿರುತ್ತದೆ ಎಂಬುದನ್ನು ಮರೆಯಬಾರದು.

ಈ ಹಕ್ಕಿಗೆ ಬಲ ಬಂದದ್ದು 2012ರ ಕೃತಿಸ್ವಾಮ್ಯ ತಿದ್ದುಪಡಿಯಿಂದ. ಕವಿ-ಚಿತ್ರಸಾಹಿತಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದರ ಪರ ದನಿಯೆತ್ತಿದರು. ಧ್ವನಿಮುದ್ರಿತ ಹಾಡಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಾಹಿತಿ ಮತ್ತು ಸಂಗೀತ ಸಂಯೋಜಕರಿಗಿರುವ ಪಾಲನ್ನು ಕಂಪನಿಗಳು ಇನ್ನು ಮುಂದೆ ಬರೆಸಿಕೊಳ್ಳುವಂತಿಲ್ಲ ಎಂದು ಈ ತಿದ್ದುಪಡಿ ಹೇಳಿತು. ವಾರಸುದಾರರಿಗೆ ಅಥವಾ ಕೃತಿಸ್ವಾಮ್ಯ ಸಂಸ್ಥೆಗೆ ಮಾತ್ರ ಅದನ್ನು ವಹಿಸಿಕೊಡಬಹುದು. ವಾಣಿಜ್ಯ ಬಳಕೆಯಲ್ಲಿ ಗಾಯಕರಿಗೂ ರಾಯಲ್ಟಿ ಸಲ್ಲಬೇಕೆಂಬ ಮಾತು ಆಗಲೇ ಸೇರಿತು. ಸಾಹಿತಿ, ಸಂಯೋಜಕರ ಪಾಲನ್ನು ಸಂಗ್ರಹಿಸಿ ಹಂಚುವ ಐಪಿಆರ್‌ಎಸ್ ಸಂಸ್ಥೆ ಮುಂಬೈಯಲ್ಲಿದೆ. ಅಲ್ಲಿ ಸದಸ್ಯರಾಗದ ಕವಿಗೆ, ಕೃತಿ ನೋಂದಾಯಿಸದ ಕುಟುಂಬಕ್ಕೆ ಈ ಹಣ ತಾನಾಗಿ ಹುಡುಕಿಕೊಂಡು ಬರುವುದಿಲ್ಲ. ಭಾವಗೀತೆಗಳ ಕೆಳಗೆ ಕವಿಯ ಹೆಸರೇ ಇಲ್ಲದೆ ಗಾಯಕರ ಹೆಸರಷ್ಟೇ ಕಾಣುವುದನ್ನು ಹಲವೆಡೆ ನೋಡಬಹುದು. ಹೆಸರೇ ಇಲ್ಲದ ಮೇಲೆ ಹಣ ಯಾರ ವಿಳಾಸಕ್ಕೆ ಹೋಗಬೇಕು?

ಯಾವುದನ್ನು ಆರಿಸಬೇಕು?

ಸಂಪೂರ್ಣ ನ್ಯಾಯವಂತ ಎನ್ನಬಹುದಾದ ಸೇವೆ ಕನ್ನಡದ ಕೇಳುಗರಿಗೆ ಇಂದು ಲಭ್ಯವಿಲ್ಲ. ಆದರೆ ಕೆಟ್ಟದ್ದು, ಪರವಾಗಿಲ್ಲ, ಒಳ್ಳೆಯದು ಎಂಬ ಮೆಟ್ಟಿಲುಗಳಿವೆ.

ಎಲ್ಲಕ್ಕಿಂತ ಕೆಳಗಿನದು ಕದ್ದ ಎಂಪಿ3. ಅದಕ್ಕಿಂತ ಮೇಲಿನದು ಜಾಹೀರಾತಿನ ಜೊತೆ ಉಚಿತವಾಗಿ ಕೇಳುವುದು. ಸ್ವಲ್ಪವಾದರೂ ಹಣ ಹುಟ್ಟುತ್ತದೆ. ಅದಕ್ಕಿಂತ ಮೇಲಿನದು ಚಂದಾ ಕೊಟ್ಟು ಕೇಳುವುದು. ಪ್ರತಿ ಕೇಳಿಕೆಗೆ ಸರಾಸರಿ ಒಂದು ಅಮೆರಿಕನ್ ಸೆಂಟ್ ಕೊಡುವುದಾಗಿ ಆಪಲ್ 2021ರಲ್ಲಿ ಕಲಾವಿದರಿಗೆ ಬರೆದ ಪತ್ರದಲ್ಲಿ ತಿಳಿಸಿತ್ತು. ಅಲ್ಲಿ ಜಾಹೀರಾತಿನ ಉಚಿತ ಸೇವೆ ಇಲ್ಲದಿರುವುದು ಅದಕ್ಕೊಂದು ಕಾರಣ. ಚಂದಾ ದರ ಕಡಿಮೆಯಿರುವ ಭಾರತದಲ್ಲಿಯೂ ಅಷ್ಟೇ ಸಿಗುತ್ತದೆಂದು ತಿಳಿಯುವಂತಿಲ್ಲ. ಆದರೂ ಎಲ್ಲರೂ ಹಣ ಕೊಟ್ಟು ಕೇಳುವ ಕಡೆ ಹಂಚಲು ಹಣ ಹೆಚ್ಚಿರುತ್ತದೆ ಎಂಬುದು ಇದರಿಂದ ಸ್ಪಷ್ಟ.

ಎಲ್ಲಕ್ಕಿಂತ ಮೇಲಿನದು ಕಲಾವಿದರಿಂದ ನೇರವಾಗಿ ಕೊಳ್ಳುವುದು. ಬ್ಯಾಂಡ್‌ಕ್ಯಾಂಪ್ ಎಂಬ ತಾಣದಲ್ಲಿ ಕಲಾವಿದರೇ ಬೆಲೆ ಇಟ್ಟು ಹಾಡು ಮಾರುತ್ತಾರೆ. ಡಿಜಿಟಲ್ ಮಾರಾಟದಲ್ಲಿ ತಾಣದ ಪಾಲು ಶೇ. 15 ಮಾತ್ರ. ಕೊಂಡ ಹಾಡು ಕೇಳುಗರ ಬಳಿಯೇ ಉಳಿಯುತ್ತದೆ. 2022 ಮತ್ತು 2023ರಲ್ಲಿ ಎರಡು ಸಲ ಅದರ ಒಡೆತನ ಬದಲಾಯಿತು ಎಂಬುದೂ, ಕನ್ನಡದ ಹಾಡುಗಳು ಅಲ್ಲಿ ಕಡಿಮೆ ಎಂಬುದೂ ನಿಜ. ಕನ್ನಡದ ಮಟ್ಟಿಗೆ ಸಿ.ಡಿ., ಪೆನ್‌ಡ್ರೈವ್, ಪುಸ್ತಕಗಳನ್ನು ಗಾಯಕರ ಕೈಯಿಂದಲೇ ಕೊಳ್ಳುವುದು ಇಂದಿಗೂ ಒಳ್ಳೆಯ ದಾರಿ.

ಹೆಚ್ಚು ಜನ ಹಾಡು ಕೇಳುವ ಯೂಟ್ಯೂಬ್‌ನಲ್ಲಿ ಕಾಸು ಖರ್ಚಿಲ್ಲದ ಒಂದು ಉಪಕಾರವಿದೆ. ಜಾಹೀರಾತಿನ ಪಾಲು ಪಡೆಯಲು ಒಂದು ಚಾನೆಲ್‌ಗೆ 1000 ಚಂದಾದಾರರು ಮತ್ತು ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆ ಬೇಕು (ಕಿರು ವಿಡಿಯೋಗಳಿಗೆ ಬೇರೆ ಲೆಕ್ಕ). ಬೇರೆಯವರ ಹಾಡನ್ನು ಎತ್ತಿ ಹಾಕಿರುವ ಚಾನೆಲ್ ಬಿಟ್ಟು ಕಲಾವಿದರ ಸ್ವಂತ ಚಾನೆಲ್‌ಗೆ ಚಂದಾದಾರರಾಗಿ ಅಲ್ಲೇ ಕೇಳಿದರೆ ಅವರು ಈ ಗಡಿ ದಾಟಲು ನೆರವಾಗುತ್ತದೆ. ಇದಕ್ಕೆ ಬೇಕಾದದ್ದು ಒಂದು ನಿಮಿಷ.

ಸಂಘಗಳ ಹೊಣೆ

ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಂತಹ ವೇದಿಕೆಯಿರುವ ನಗರವಿದು. ಕನ್ನಡ ಸಂಘಟನೆಗಳಿಗೆ ಇಲ್ಲಿ ಬರವಿಲ್ಲ. ಸದಸ್ಯರು ಮನೆಯಲ್ಲಿ ಏನು ಕೇಳುತ್ತಾರೆ ಎಂಬುದಕ್ಕಿಂತ ಸಂಘಗಳು ವೇದಿಕೆಯಲ್ಲಿ ಏನು ಮಾಡುತ್ತವೆ ಎಂಬುದು ಹೆಚ್ಚು ಮುಖ್ಯ.

ಲಾಭದ ಉದ್ದೇಶವಿಲ್ಲದ ಸಂಘ ತನ್ನ ಚಟುವಟಿಕೆಯ ಅಂಗವಾಗಿ ಧ್ವನಿಮುದ್ರಿತ ಹಾಡು ಕೇಳಿಸುವುದಕ್ಕೆ, ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಹಾಡುವುದಕ್ಕೆ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವಿನಾಯಿತಿ ಕೊಟ್ಟಿದೆ. ಟಿಕೆಟ್ ಇಟ್ಟರೆ, ವೃತ್ತಿಪರ ಕಾರ್ಯಕ್ರಮವಾದರೆ ಲೆಕ್ಕ ಬೇರೆ. ಕಾನೂನು ಸಂಘದ ಮೇಲೆ ವಿಶ್ವಾಸವಿಟ್ಟು ಬಿಟ್ಟುಕೊಟ್ಟ ಜಾಗವಿದು. ಕಾನೂನು ಕೇಳದಿರುವುದನ್ನು ಆತ್ಮಸಾಕ್ಷಿ ಕೇಳಬೇಕಾಗುತ್ತದೆ.

ಈಗಿನ ವಾಡಿಕೆ ಎಲ್ಲರಿಗೂ ಗೊತ್ತಿರುವುದೇ. ಪೆಂಡಾಲು, ಮೈಕು, ಊಟ, ಫ್ಲೆಕ್ಸ್ ಎಲ್ಲಕ್ಕೂ ಖರ್ಚಿನ ಪಟ್ಟಿಯಲ್ಲಿ ಜಾಗವಿರುತ್ತದೆ. ಗಾಯಕರಿಗೆ ಮಾತ್ರ ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆ. ತಬಲಾ, ಹಾರ್ಮೋನಿಯಂ ನುಡಿಸುವವರ ಜಾಗಕ್ಕೆ ಕರೋಕೆ ಟ್ರ್ಯಾಕ್ ಬಂದು ಕೂತಿದೆ. ಸನ್ಮಾನ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಶಾಲು ಹೊದಿಸಿದ ಮಾತ್ರಕ್ಕೆ ಮನೆ ಬಾಡಿಗೆ ಕಟ್ಟಲಾಗದು. ಕಲಾವಿದರಿಗೆ ನ್ಯಾಯ ಕೊಡದ ಆ್ಯಪ್‌ಗಳನ್ನು ದೂರುವ ಮುನ್ನ ಸಂಘಗಳು ತಮ್ಮ ಖರ್ಚಿನ ಪಟ್ಟಿಯನ್ನು ಒಮ್ಮೆ ತೆರೆದು ನೋಡುವುದು ಲೇಸು.

ಈ ನಿಟ್ಟಿನಲ್ಲಿ ಬರುವ ರಾಜ್ಯೋತ್ಸವದಿಂದಲೇ ಕೆಲವು ಕೆಲಸ ಮಾಡಬಹುದು. ಕಲಾವಿದರ ಸಂಭಾವನೆಯನ್ನು ಆಯವ್ಯಯದಲ್ಲಿ ಮೊದಲ ಸಾಲಾಗಿ ಬರೆಯುವುದು. ಪ್ರತಿ ಹಾಡಿಗೂ ಮುನ್ನ ಕವಿ ಮತ್ತು ಸಂಯೋಜಕರ ಹೆಸರು ಹೇಳುವುದು. ಸಭಾಂಗಣದ ಬಾಗಿಲಲ್ಲಿ ಅವರ ಪುಸ್ತಕ, ಸಿ.ಡಿ. ಮಾರಾಟಕ್ಕೆ ಒಂದು ಮೇಜು ಹಾಕಿಕೊಡುವುದು. ಸದಸ್ಯರಲ್ಲಿರುವ ವಕೀಲರು, ಲೆಕ್ಕಪರಿಶೋಧಕರು ರಾಯಲ್ಟಿ ಸಂಸ್ಥೆಗಳ ಅರ್ಜಿ ತುಂಬಲು ಹಳ್ಳಿಗಾಡಿನ ಕಲಾವಿದರಿಗೆ ಕೈಜೋಡಿಸುವುದು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಡಿನ ಬದಲು ಕಲಾವಿದರ ಚಾನೆಲ್‌ನ ಕೊಂಡಿ ಕಳುಹಿಸುವುದು. ಇವುಗಳಲ್ಲಿ ಯಾವುದೂ ಸಂಘದ ಶಕ್ತಿಗೆ ಮೀರಿದ್ದಲ್ಲ.

ಪರನಾಡಿನಲ್ಲಿ ಕನ್ನಡ ಉಳಿದಿರುವುದರಲ್ಲಿ ಹಾಡಿನ ಪಾತ್ರ ದೊಡ್ಡದು. ಆ ಹಾಡು ಮುಂದೆಯೂ ಹುಟ್ಟಬೇಕಾದರೆ ಹಾಡುವವರ ಮನೆಯ ಒಲೆ ಉರಿಯಬೇಕು. ಮೆಹದಿಪಟ್ಟಣಂನ ಒಂದು ಸಂಘ ಈ ದಿಸೆಯಲ್ಲಿ ಮೊದಲ ಹೆಜ್ಜೆಯಿಟ್ಟರೂ ನಗರದ ಉಳಿದ ಸಂಘಗಳಿಗೆ ಅದು ಮೇಲ್ಪಂಕ್ತಿಯಾಗುವುದರಲ್ಲಿ ಸಂದೇಹವಿಲ್ಲ.