ಅವಳಿ ಬಸಿರು: ಯಾವ ಲೆಕ್ಕ ಮುಖ್ಯ?

ಜೋಡಿ ಬಾಳೆಹಣ್ಣು ತಿಂದರೆ ಅವಳಿ ಮಕ್ಕಳು ಹುಟ್ಟುತ್ತವೆಂದು ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳಿಗೆ ಅದನ್ನು ಕೊಡದ ಮನೆಗಳು ಇಂದಿಗೂ ಇವೆ. ಬಾಳೆಹಣ್ಣಿಗೂ ಬಸಿರಿಗೂ ಸಂಬಂಧವಿಲ್ಲ. ಆದರೆ ಆ ನಂಬಿಕೆಯ ಹಿಂದಿನ ಅಂಜಿಕೆ ಸುಳ್ಳಲ್ಲ. ಅವಳಿ ಬಸಿರಿನಲ್ಲಿ ರಕ್ತಹೀನತೆ, ಏರು ರಕ್ತದೊತ್ತಡ, ಹೆರಿಗೆಯ ನಂತರದ ಅತಿ ರಕ್ತಸ್ರಾವ ಇವುಗಳ ಸಾಧ್ಯತೆ ಹೆಚ್ಚು. ಅರ್ಧಕ್ಕೂ ಹೆಚ್ಚು ಅವಳಿಗಳು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ.

ಅವಳಿಗಳಲ್ಲಿಯೂ ಎರಡು ಬಗೆ. ಪ್ರತಿ ಶಿಶುವಿಗೂ ತನ್ನದೇ ಮಾಸು ಇರುವುದು ಒಂದು. ಎರಡೂ ಶಿಶುಗಳು ಒಂದೇ ಮಾಸನ್ನು ಹಂಚಿಕೊಳ್ಳುವುದು ಇನ್ನೊಂದು. ಎರಡನೆಯ ಬಗೆಯಲ್ಲಿ ಕೆಲವೊಮ್ಮೆ ಒಂದು ಶಿಶುವಿನ ರಕ್ತ ಮಾಸಿನ ಮೂಲಕ ಮತ್ತೊಂದಕ್ಕೆ ಹರಿದು ಎರಡರ ಜೀವಕ್ಕೂ ಕುತ್ತು ಬರುತ್ತದೆ. ಯಾವ ಬಗೆ ಎಂಬುದು 11ರಿಂದ 14ನೇ ವಾರದೊಳಗಿನ ಸ್ಕ್ಯಾನಿಂಗ್‌ನಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ತಡವಾದಷ್ಟೂ ಗುರುತಿಸುವುದು ಕಷ್ಟ.

ಇಂಗ್ಲೆಂಡಿನ 'ನೈಸ್' ಸಂಸ್ಥೆ 2011ರಲ್ಲಿ ಅವಳಿ ಬಸಿರಿನ ಆರೈಕೆಗೆಂದೇ ಮಾರ್ಗಸೂಚಿ ಹೊರಡಿಸಿತು. 2019ರಲ್ಲಿ ಅದನ್ನು ಪರಿಷ್ಕರಿಸಿತು. ಒಂದೇ ಮಾಸಿನ ಅವಳಿಗಳಿಗೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನಿಂಗ್ ಆಗಬೇಕೆಂಬುದು ಅದರ ಮುಖ್ಯ ಸೂಚನೆಗಳಲ್ಲೊಂದು. ಅವಳಿ ಮಕ್ಕಳ ಪೋಷಕರ ಸಂಘಟನೆಯೊಂದು ಆಸ್ಪತ್ರೆಗಳೊಡನೆ ಕೂತು, ಸೂಚನೆಗಳು ನಿಜಕ್ಕೂ ಪಾಲನೆಯಾಗುತ್ತಿವೆಯೇ ಎಂದು ಪರಿಶೀಲಿಸಿತು. 2014ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಪ್ರತಿ ಸಾವಿರ ಅವಳಿ ಶಿಶುಗಳಲ್ಲಿ ಸುಮಾರು 11 ಗರ್ಭದಲ್ಲೇ ಸತ್ತು ಹುಟ್ಟಿದ್ದವು. 2016ರಲ್ಲಿ ಆ ಸಂಖ್ಯೆ ಸುಮಾರು 6ಕ್ಕೆ ಇಳಿಯಿತು. ಎಲ್ಲ ಕೀರ್ತಿಯನ್ನೂ ಒಂದೇ ಮಾರ್ಗಸೂಚಿಗೆ ಕೊಡುವುದು ಸರಿಯಲ್ಲ. ಆದರೆ ಅವಳಿಗಳ ಸಾವನ್ನು ಬೇರೆಯಾಗಿ ಲೆಕ್ಕವಿಟ್ಟಿದ್ದರಿಂದಲೇ ಈ ಇಳಿಕೆ ಕಣ್ಣಿಗೆ ಬಿತ್ತು ಎಂಬುದನ್ನು ಮರೆಯಬಾರದು.

ನಮ್ಮಲ್ಲೂ ಪ್ರಯತ್ನಗಳಿಲ್ಲವೆಂದಲ್ಲ. 2016ರಿಂದ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತಿದೆ. ಅಪಾಯದ ಬಸಿರೆಂದು ಕಂಡುಬಂದರೆ ಕಾರ್ಡಿನ ಮೇಲೆ ಕೆಂಪು ಗುರುತು ಬೀಳುತ್ತದೆ. ಅವಳಿ ಬಸಿರೂ ಅದರಲ್ಲಿ ಸೇರಿದೆ. ಒಳ್ಳೆಯ ಯೋಜನೆಯೇ. ಆದರೆ ಎಷ್ಟು ಮಂದಿ ತಪಾಸಣೆಗೆ ಬಂದರು ಎಂಬ ಸಂಖ್ಯೆಯಿಂದ ಅದರ ಫಲವನ್ನು ಅಳೆಯಲಾಗದು. ಕೆಂಪು ಗುರುತು ಬಿದ್ದ ಮೇಲೆ ಆ ತಾಯಿಗೆ ಏನಾಯಿತು ಎಂಬುದೇ ಅಳತೆಗೋಲಾಗಬೇಕು. ಅವಳಿ ಎಂದು ಎಷ್ಟನೇ ವಾರದಲ್ಲಿ ತಿಳಿಯಿತು? ಮಾಸು ಒಂದೋ ಎರಡೋ ಎಂದು ತಾಯಿ ಕಾರ್ಡಿನಲ್ಲಿ ಬರೆದರೇ? ನವಜಾತ ಶಿಶು ಘಟಕವಿರುವ ಆಸ್ಪತ್ರೆಗೆ ಸಕಾಲಕ್ಕೆ ತಲುಪಿದಳೇ? ಎರಡೂ ಮಕ್ಕಳು ಜೀವಂತವಾಗಿ ಮನೆಗೆ ಹೋದವೇ?

ಸಿಸೇರಿಯನ್‌ಗಳ ಸಂಖ್ಯೆ ಹೆಚ್ಚಿದರೆ ಆರೈಕೆ ಸುಧಾರಿಸಿತೆಂದೂ ಅರ್ಥವಲ್ಲ. 25 ದೇಶಗಳ ಸುಮಾರು 2,800 ಗರ್ಭಿಣಿಯರನ್ನು ಒಳಗೊಂಡು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಶಿಶುವಿನ ತಲೆ ಕೆಳಗಿದ್ದಾಗ, ಮೊದಲೇ ನಿಶ್ಚಯಿಸಿದ ಸಿಸೇರಿಯನ್‌ನಿಂದ ಮಕ್ಕಳಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ನುರಿತ ವೈದ್ಯರು ಮತ್ತು ತುರ್ತು ಸೌಲಭ್ಯ ಹತ್ತಿರವಿರಬೇಕಾದದ್ದು ಮುಖ್ಯ.

ತಾಲ್ಲೂಕು ಆಸ್ಪತ್ರೆಗಳಲ್ಲಿ ತಜ್ಞರ ಕೊರತೆಯಿದೆ, ಇದೆಲ್ಲ ಆಗದ ಮಾತು ಎನ್ನುವವರಿದ್ದಾರೆ. ಕೊರತೆ ನಿಜ. ಹಾಗೆಂದೇ ಯಾರನ್ನು ಮೊದಲು ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೆಂದು ಬೇಗ ತಿಳಿಯುವುದು ಅಗತ್ಯ. ಸ್ಕ್ಯಾನಿಂಗ್ ವರದಿಯಲ್ಲಿ ಮಾಸಿನ ಬಗ್ಗೆ ಒಂದು ಸಾಲು ಬರೆಯಲು ಹೆಚ್ಚಿನ ಖರ್ಚಿಲ್ಲ.

ಮನೆಯವರ ಪಾಲೂ ಇದೆ. ಅವಳಿ ಎಂದು ತಿಳಿದ ದಿನವೇ 'ಮಾಸು ಒಂದೋ, ಎರಡೋ?' ಎಂದು ವೈದ್ಯರನ್ನು ಕೇಳಿ. ಕಬ್ಬಿಣಾಂಶದ ಮಾತ್ರೆ ತಪ್ಪಿಸಬೇಡಿ. ಹೆರಿಗೆ ಎಲ್ಲಿ, ವಾಹನ ಯಾವುದು, ರಕ್ತ ಕೊಡುವವರು ಯಾರು ಎಂಬುದನ್ನು ಏಳನೇ ತಿಂಗಳೊಳಗೇ ಗೊತ್ತುಮಾಡಿಕೊಳ್ಳಿ. ತವರಿಗೆ ಕಳುಹಿಸುವ ಮುನ್ನ ಅಲ್ಲಿಗೆ ಸಮೀಪದ ಆಸ್ಪತ್ರೆಯಲ್ಲಿ ಈ ಸೌಲಭ್ಯಗಳಿವೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಸಂಪ್ರದಾಯ ಸ್ವಲ್ಪ ಕಾಯಲಿ, ಬಾಣಂತನಕ್ಕೆ ಹೋದರಾಯಿತು.